ಚಳಿಗೆ ಸೀಳದ ಗಾಜು

ಹಳೆಯ ಲೆನ್ಸೊಂದು ಮಾರಾಟಕ್ಕೆ ಬಂದರೆ ಆತ ಅದನ್ನು ಮೊದಲು ಹಿಡಿಯುತ್ತಿದ್ದುದು ಕಣ್ಣಿಗಲ್ಲ, ಮೂಗಿಗೆ. ಎಡಗಣ್ಣನ್ನು ಅರೆಮುಚ್ಚಿ, ಹೊಳ್ಳೆ ಅಗಲಿಸಿ, ಮೀನು ಕೊಳ್ಳುವವನಂತೆ ಮೂಸಿ, "ಬೂಷ್ಟು ಉಂಟು" ಎಂದು ತೀರ್ಪು ಕೊಡುತ್ತಿದ್ದ. ಕುಂಬ್ರದಲ್ಲಿ ಸ್ಟುಡಿಯೋ ಇಟ್ಟಿದ್ದ ಈತ ನನ್ನ ತಂಗಿಯ ಗಂಡ, ನನಗೆ ಭಾವ. ಆತನ ಮೂಗನ್ನು ನಾನು ನಂಬುತ್ತಿದ್ದೆ. ನಾಲಗೆಯನ್ನು ಎಂದೂ ನಂಬಿದವನಲ್ಲ.

ನಮ್ಮ ಮಳೆಗಾಲ ಲೆನ್ಸಿನ ಒಳಗೂ ಬೂಷ್ಟು ಬೆಳೆಸುತ್ತದೆ. ಅದಕ್ಕಾಗಿ ಭಾವ ಮರದ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ, ಅದರ ಬಿಸಿಯಲ್ಲಿ ಲೆನ್ಸುಗಳನ್ನು ಮಲಗಿಸುತ್ತಿದ್ದ. "ಗಾಜು ಬೆಚ್ಚಗೆ ಇರ್ಬೇಕು ಮಾರಾಯ್ರೆ, ಬಾಣಂತಿಯ ಹಾಗೆ" ಎಂಬುದು ಆತನ ಶಾಸ್ತ್ರ. ಇದೇ ಶಾಸ್ತ್ರವನ್ನು ಹೊತ್ತುಕೊಂಡು ಒಂದು ಚಳಿಗಾಲ ಲಡಾಖಿಗೆ ಹೋದ. ತಂದ ಚಿತ್ರಗಳೆಲ್ಲ ಗಂಜಿತಿಳಿಯಂತೆ ಬಿಳಿ. ಚಳಿಗೆ ಲೆನ್ಸೇ ಸೀಳಿತು ಎಂದು ಸಾರಿದ.

ಊರು ನಂಬಿತು. ಶಾಲೆಯೊಂದು ಕರೆದು ಭಾಷಣ ಮಾಡಿಸಿತು. ವಿಜ್ಞಾನದ ಮಾಸ್ತರರು "ಅಲ್ಲಿ ಕಬ್ಬಿಣವೂ ಪುಡಿಯಾಗುತ್ತದೆ" ಎಂದು ಒಗ್ಗರಣೆ ಹಾಕಿದರು. ಆ ಲೆನ್ಸನ್ನು ತೋರಿಸು ಎಂದವರು ಒಬ್ಬರೂ ಇಲ್ಲ. ಪದವಿ ಮನುಷ್ಯನಿಗೆ ಮಾಡುವ ಮೊದಲ ಉಪಕಾರ, ನೋಡುವ ತೊಂದರೆಯಿಂದ ಬಿಡುಗಡೆ.

ಬರಿಯ ಬಡಾಯಿಯಾಗಿ ಉಳಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಒಂದು ದಿನ ನಾನು ಸ್ಟುಡಿಯೋದಲ್ಲಿ ಕುಳಿತಿದ್ದಾಗ ಮಂಡೆಕೋಲಿನಿಂದ ಒಬ್ಬ ತಾಯಿ ಹುಡುಕಿಕೊಂಡು ಬಂದರು. ಅವರ ಮಗ ಸೈನಿಕ, ಅದೇ ಲಡಾಖಿನಲ್ಲಿ ಕಾವಲಿಗಿದ್ದ.

"ಗಾಜೇ ಸೀಳುದಾದ್ರೆ ಹುಡುಗನ ಕಣ್ಣಿಗೆ ಎಂತ ಆಗುದು ಅಣ್ಣ? ಫೋನಿನಲ್ಲಿ ಕೇಳಿದ್ರೆ ಎಂತ ಇಲ್ಲ ಅಂತಾನೆ. ನನಗೆ ಅನ್ನ ಇಳಿಯುದಿಲ್ಲ."

ಭಾವ ತಲೆ ಕೆರೆದುಕೊಂಡ. "ಅವರಿಗೆಲ್ಲ ಕನ್ನಡಕ ಕೊಡ್ತಾರೆ ಅಕ್ಕ."

"ಕನ್ನಡಕವೂ ಗಾಜೇ ಅಲ್ವಾ?"

ಆ ತಾಯಿ ಹೋದ ಮೇಲೆ ಲೆನ್ಸು ತರಿಸಿ ನೋಡಿದೆ. ಬಿರುಕಿರಲಿಲ್ಲ. "ಒಳಗೆ ಉಂಟು, ನಿಮಗೆ ಕಾಣುದಿಲ್ಲ" ಎಂದ. ಕಾಣದ ಬಿರುಕನ್ನಾಗಲಿ ಕಾಣದ ಭೂತವನ್ನಾಗಲಿ ಪರೀಕ್ಷೆಯಿಲ್ಲದೆ ಒಪ್ಪುವ ಜಾಯಮಾನ ನನ್ನದಲ್ಲ. ಲೆನ್ಸನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಎದುರಿನ ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ ಇಡಿಸಿದೆ. ಮರುದಿನ ತೆಗೆದಾಗ ಒಳಗಿನ ಗ್ರೀಸು ಗಟ್ಟಿಯಾಗಿ ಫೋಕಸ್ಸಿನ ಬಳೆ ತಿರುಗಲು ಹಟ ಮಾಡಿತು; ಗಾಜಿಗೆ ಮಾತ್ರ ಏನೂ ಆಗಿರಲಿಲ್ಲ. ಪ್ಲಾಸ್ಟಿಕ್ಕು ಬಿಚ್ಚಿ ಕುಂಬ್ರದ ಸೆಕೆಗೆ ಹಿಡಿದದ್ದೇ ತಡ, ಅದು ಪೂರ್ತಿ ಬೆಳ್ಳಗೆ ಮಸುಕಾಯಿತು.

"ಲಡಾಖಿನಲ್ಲಿ ಕ್ಯಾಮೆರಾ ಎಲ್ಲಿ ಇಡ್ತಿದ್ದದ್ದು?" ಎಂದು ಕೇಳಿದೆ.

"ಹೊರಗಿಂದ ಬಂದ ಕೂಡ್ಲೆ ಒಲೆಯ ಹತ್ತಿರ. ಬೆಚ್ಚಗೆ."

"ಒಲೆಯ ಮೇಲೆ ಎಂತ ಇತ್ತು?"

"ಚಾಯದ ನೀರು. ಕುದೀತಾ..."

ತಣ್ಣನೆಯ ಗಾಜಿನ ಮೇಲೆ ಆವಿ ಕುಳಿತು ನೀರಾಗಿದೆ. ಆ ಒದ್ದೆ ಗಾಜನ್ನೇ ಮತ್ತೆ ಹೊರಗೆ ಒಯ್ದಾಗ ನೀರು ಹಿಮದ ಪೊರೆಯಾಗಿದೆ. ಚಿತ್ರಗಳನ್ನು ಕೆಡಿಸಿದ್ದು ಚಳಿಯೊಂದೇ ಅಲ್ಲ. ಈ ಮಹಾಶಯನ ಬಾಣಂತನವೂ.

"ಮಂಡೆಕೋಲಿಗೆ ಹೋಗಿ ಹೇಳಿ ಬಾ" ಎಂದೆ.

"ನನ್ನ ಮರ್ಯಾದೆ ಎಂತ ಆಗುದು ಮಾರಾಯ್ರೆ?"

"ಅದು ಇದ್ದರೆ ತಾನೇ ಆಗುವುದು?"

ಹೋಗಲಾರನೆಂದೇ ಎಣಿಸಿದ್ದೆ. ಹೋದ, ಲೆನ್ಸನ್ನೂ ಒಯ್ದ. ಅಂಗಳದಲ್ಲಿ ನಿಂತು, ನೆರೆಕರೆಯವರಿಗೆಲ್ಲ ಕೇಳುವಂತೆ, "ಸೀಳಿದ್ದು ಸುಳ್ಳು ಅಕ್ಕ, ನನಗೆ ಇಡ್ಲಿಕ್ಕೆ ಗೊತ್ತಾಗ್ಲಿಲ್ಲ" ಎಂದನಂತೆ. ಹೀಗೆಂದು ನನಗೆ ಹೇಳಿದವನೂ ಅವನೇ. ಆದ್ದರಿಂದ ನಾನು ನಂಬಲಿಲ್ಲ.

ಕಳೆದ ಆಟಿ ತಿಂಗಳ ಮಳೆಯಲ್ಲಿ ಭಾವ ತೀರಿಕೊಂಡ. ಶವದ ಬಳಿಯಲ್ಲೂ ಯಾರೋ ಲಡಾಖಿನಲ್ಲಿ ಲೆನ್ಸು ಸೀಳಿದ ಕತೆ ತೆಗೆದರು. ಅವರ ಬಾಯಿ ಮುಚ್ಚಿಸಲು ನಾನು ಏಳುವಷ್ಟರಲ್ಲಿ, ಹೆಂಗಸರ ನಡುವೆ ಕುಳಿತಿದ್ದ ಮಂಡೆಕೋಲಿನ ಆ ತಾಯಿ ಮಾತಾಡಿದರು.

"ಸೀಳಿರ್ಲಿಲ್ಲ. ಅವರೇ ತಂದು ನನ್ನ ಕೈಗೆ ಕೊಟ್ಟಿದ್ರು, ಬೆರಳಲ್ಲಿ ಮುಟ್ಟಿ ನೋಡಿದ್ದೇನೆ. ಆ ದಿನ ನಾನು ಹೊಟ್ಟೆ ತುಂಬ ಉಂಡೆ."

ನಾನು ಮತ್ತೆ ಕುಳಿತುಕೊಂಡೆ.