ಬಚ್ಚಲ ಮೇಲಿನ ಹಲಗೆ

ಸಾಲೇಹಾ ಹುಟ್ಟಿದ್ದು ಯಲ್ಲಾಪುರದಲ್ಲಿ, ಬಾಡಿಗೆ ಗಾಡಿಯವರ ಮನೆಯಲ್ಲಿ. ಮದುವೆಯಾಗಿ ಶಿರಸಿಗೆ ಬಂದಾಗ ಗಂಡ ಮುನವ್ವರನೂ ಗಾಡಿಯನ್ನೇ ಹೊಡೆಯುತ್ತಿದ್ದ. ಎರಡು ಊರುಗಳ ನಡುವೆ ಸರ್ವಿಸ್ ಮೋಟಾರು ಓಡಲು ಶುರುವಾದ ಮೇಲೆ ಎತ್ತು ಮಾರಿ ಆ ಮೋಟಾರಿನ ಡ್ರೈವರನಾದ. ಒಂದು ರಾತ್ರಿ ಶಿರಸಿ, ಒಂದು ರಾತ್ರಿ ಯಲ್ಲಾಪುರ. ಮಕ್ಕಳಾಗಲಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಸಾಲೇಹಾ ಒಬ್ಬಳೇ.

ಅವಳ ಚೊಕ್ಕತನ ಕಂಡರೆ ಓಣಿಯವರಿಗೆ ನಗು. ಯಾರಾದರೂ ನೀರು ಕುಡಿದಿಟ್ಟ ಲೋಟವನ್ನು ಬೂದಿ ಹಾಕಿ ತಿಕ್ಕುವಳು. ಹೊಸ್ತಿಲ ಹತ್ತಿರ ಎಲೆ ಅಡಿಕೆ ಉಗುಳಿದವರನ್ನು ಹೆಸರು ಹಿಡಿದು ಕರೆದು ಒರೆಸಲು ಹೇಳುವಳು. 'ಇವಳು ಹೆಗಡೆಕಟ್ಟಾದ ಭಟ್ಟರ ಮನೆಯಲ್ಲಿ ಹುಟ್ಟಬೇಕಿತ್ತು' ಎಂದು ಹೆಂಗಸರು ಹಾಸ್ಯ ಮಾಡುತ್ತಿದ್ದರು.

ಮೂವತ್ತಮೂರನೇ ಇಸವಿಯಲ್ಲಿ ಅವಳ ತಂಗಿ ಆಯಿಷಾ ವಿಧವೆಯಾದಳು. ಗಂಡನ ಮನೆಯವರು ಅವಳನ್ನು ಇಟ್ಟುಕೊಳ್ಳಲಿಲ್ಲ. ಒಂದು ಪೆಟ್ಟಿಗೆ, ಒಂದು ಹೊಲಿಗೆ ಮಿಶಿನ್ ತೆಗೆದುಕೊಂಡು ಅವಳು ಅಕ್ಕನ ಮನೆಗೆ ಬಂದಳು. ಮನೆಯಲ್ಲಿದ್ದದ್ದು ಒಂದು ಪಡಸಾಲೆ, ಒಂದು ಅಡಿಗೆಮನೆ, ಹಿಂದೆ ಬಚ್ಚಲುಮನೆ. ಮುನವ್ವರ ಬಂದ ದಿನ ಆಯಿಷಾ ಅಡಿಗೆಮನೆಯ ಒಲೆಯ ಪಕ್ಕ ಮಲಗಬೇಕಾಗುತ್ತಿತ್ತು. ಅದನ್ನು ನೋಡಲಾರದೆ ಸಾಲೇಹಾ, ಅಟ್ಟವನ್ನೇ ಒಂದು ಖೋಲಿ ಮಾಡೋಣವೆಂದಳು. ಮುನವ್ವರ ಒಪ್ಪಿದ.

ಅಟ್ಟವೆಂದರೆ ನಾಡಹಂಚಿನ ಮಾಡಿನ ಕೆಳಗಿನ ಕತ್ತಲೆ. ಹಲಗೆ ಹಾಸಿದ್ದು ಮುಂದಿನ ಅರ್ಧಕ್ಕೆ ಮಾತ್ರ. ಹಿಂದೆ ಬಚ್ಚಲ ಒಲೆಯ ಹೊಗೆ ಹೋಗಲೆಂದು ಹಳಬರು ಹಾಗೆಯೇ ತೆರೆದು ಬಿಟ್ಟಿದ್ದರು. ಬಚ್ಚಲಲ್ಲಿ ನಿಂತು ತಲೆಯೆತ್ತಿದರೆ ಜಂತಿಗಳೂ ಜೇಡರ ಬಲೆಯೂ ಕಾಣುತ್ತಿದ್ದವು. ಅಕ್ಕ ತಂಗಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮುಂದಿನ ಭಾಗವನ್ನು ಗುಡಿಸಿ ಬಳಿದರು. ಮುರಿದ ಗಾಡಿಗಾಲಿ, ಕೊಳೆತ ಹಗ್ಗ, ಬುಟ್ಟಿ ಬುಟ್ಟಿ ಬಾವಲಿ ಹಿಕ್ಕೆ, ಚರ್ಮ ಅಂಟಿದ ಹೆಗ್ಗಣದ ಎಲುಬು. ಸಾಲೇಹಾ ಎರಡು ಸಲ ಕೆಳಗಿಳಿದು ವಾಂತಿ ಮಾಡಿ ಮತ್ತೆ ಹತ್ತಿದಳು. ಪ್ರಪಂಚದಲ್ಲಿ ಇದಕ್ಕಿಂತ ಹೊಲಸು ಇರಲಾರದು ಎಂದು ಆಗ ಅವಳಿಗೆ ಅನ್ನಿಸಿತ್ತು.

ಮನೆ ಕಟ್ಟುವ ಗೌಂಡಿ, ದಾಸನಕೊಪ್ಪದ ಕೆರಿಯಪ್ಪ ಬಂದು ನೋಡಿದ.

"ಮಾಡು ಹಿಂಗ ಇಟ್ರ ನಡುವ ಅಷ್ಟ ನಿಲ್ಲಾಕ ಬರತೈತ್ರಿ ಅವ್ವಾರ" ಎಂದ. "ಎರಡೂ ಬದಿ ಗ್ವಾಡಿ ಎತ್ತಿದ್ರ ಖೋಲಿ ಆಕ್ಕೈತಿ. ಮ್ಯಾಲ ತಗಡು ಹಾಕಬ್ಯಾಡ್ರಿ, ಬ್ಯಾಸಗ್ಯಾಗ ಸುಡತೈತಿ, ಮಳಿ ಬಂದ್ರ ಮಾತು ಕೇಳಂಗಿಲ್ಲ. ಮಂಗಳೂರು ಹಂಚ ಹಾಕ್ರಿ."

"ಹಲಗೆ?"

"ಹೊಸಾ ಕಟಗಿ ಅಂದ್ರ ಫಾರೆಸ್ಟಿನವರ ಪಾಸು ಬೇಕು, ಅದಕ್ಕ ತಿರಗ್ಯಾಡಬೇಕು. ಕಾನಸೂರಾಗ ಒಂದು ಹಳೇ ಮನಿ ಬಿಚ್ಚಾಕ ಹತ್ಯಾರ. ಮತ್ತಿ ಮರದ ಹಲಿಗಿ ಅದಾವು. ಅವನ್ನ ತರಸ್ರಿ. ಹಿಂದಿನ ಬಚ್ಚಲ ಮ್ಯಾಲೂ ಹಾಸಿಬಿಡೂಣು. ಹೊಗಿಗೆ ತಗಡಿನ ಕೊಳವಿ ಇಟ್ರಾತು."

ಗೋಡೆ ಎತ್ತುವುದಕ್ಕೂ ಹಿಂಬದಿಗೆ ಕಿಟಕಿ ಇಡುವುದಕ್ಕೂ ಪೇಟೆಯ ಕಟ್ಟಡ ಕಮಿಟಿಯ ಪರವಾನಗಿ ಬೇಕಿತ್ತು. ಮುನವ್ವರ ನಕಾಶೆ ಬರೆಸಿ ಅರ್ಜಿ ಕೊಟ್ಟ. ಅದಕ್ಕೆ ಬಂದ ತಕರಾರು ಒಂದೇ. ಅದು ಪಕ್ಕದ ಮನೆಯ ಅಲ್ಲಾವುದ್ದೀನ್ ಸಾಹೇಬರದು.

ಅಲ್ಲಾವುದ್ದೀನ್ ದೊಡ್ಡ ತೆಂಗಿನಕಾಯಿ ವ್ಯಾಪಾರಿ. ಮಸೀದಿಯಲ್ಲಿ ಮುಂದಿನ ಸಾಲು, ಕಟ್ಟಡ ಕಮಿಟಿಯಲ್ಲಿ ಮೆಂಬರು. ಅವರದು ಮಹಡಿ ಮನೆ. ಅದಕ್ಕೂ ಮುನವ್ವರನ ಮನೆಗೂ ನಡುವಿನ ಗೋಡೆ ಒಂದೇ. ಸಾಲೇಹಾಳ ಮದುವೆಯಲ್ಲಿ ಸಾಕ್ಷಿಗೆ ನಿಂತವರು. ಅವಳನ್ನು ಕರೆಯುವುದು 'ಬೇಟಿ' ಎಂದೇ.

ಅವರೇ ಒಂದು ಸಂಜೆ ಪಡಸಾಲೆಗೆ ಬಂದು ಕುಳಿತರು. ಸಾಲೇಹಾ ಪರದೆಯ ಹಿಂದೆ ನಿಂತಿದ್ದಳು.

"ಮುನವ್ವರ್, ನಿನ್ನ ಮನೆ ಬೇರೆ ಅಲ್ಲ, ನನ್ನ ಮನೆ ಬೇರೆ ಅಲ್ಲ. ಆದರೆ ಕಿಟಕಿ ಬಂದರೆ ನನ್ನ ಅಂಗಳ ಬಯಲಾಗ್ತದೆ. ಹೆಂಗಸರು ಓಡಾಡೋ ಜಾಗ. ಪರ್ದಾ ಅನ್ನೋದು ಒಂದು ಇದೆಯಲ್ಲ."

"ಕಿಟಕಿ ಬೇಡ ಅಂದರೆ ಬಿಡ್ತೇವೆ ಚಾಚಾ. ಹಲಗೆ ಹಾಸಿ ಗೋಡೆ ಎತ್ತಲಿಕ್ಕಾದರೂ ಬಿಡಿ."

"ಮುಂದೆ ಬೇಕಾದರೆ ಹಾಸ್ಕೊ. ಬಚ್ಚಲ ಮೇಲೆ ಮಾತ್ರ ಮುಚ್ಚಬೇಡ. ಹೊಗೆ ಎಲ್ಲಿಗೆ ಹೋಗಬೇಕು? ಬೇಟಿ ಒಬ್ಬಳೇ ಇರ್ತಾಳೆ. ಉಸಿರು ಕಟ್ಟೀತು."

ಅವರು ಹೋದ ಮೇಲೆ ಸಾಲೇಹಾ ಗಂಡನನ್ನು ಕೇಳಿದಳು. "ನಮ್ಮ ಬಚ್ಚಲ ಮೇಲೆ ತೆರೆದಿರೋದು ಚಾಚಾಗೆ ಹೇಗೆ ಗೊತ್ತು? ಅವರು ಪಡಸಾಲೆ ದಾಟಿದವರಲ್ಲ."

"ಹಳೇ ಮನೆಗಳೆಲ್ಲ ಹಾಗೇ ಅಲ್ಲವಾ" ಎಂದು ಮುನವ್ವರ ಊಟಕ್ಕೆ ಕುಳಿತ.

ಅರ್ಜಿ ಕಮಿಟಿಯಲ್ಲಿ ಹಾಗೇ ಬಿದ್ದಿತ್ತು. ಕಾನಸೂರಿನ ಹಲಗೆ ಬಂದು ಅಂಗಳದಲ್ಲಿ ಕುಳಿತವು. ಒಂದು ಬೆಳಿಗ್ಗೆ ಕೆರಿಯಪ್ಪ ಬಚ್ಚಲ ಮೇಲಿನ ತೊಲೆಗಳ ಅಳತೆ ತೆಗೆದುಕೊಳ್ಳಲು ಹಿಂಬದಿಗೆ ಏಣಿ ಹಾಕಿ ಹತ್ತಿದ. ಆಮೇಲೆ ಇಳಿದು ಬಂದು, ಮುಖ ಬೇರೆ ಕಡೆ ಮಾಡಿ ಹೇಳಿದ.

"ಅವ್ವಾರ, ನೀವ ಒಮ್ಮಿ ಹತ್ತಿ ನೋಡ್ರಿ. ನಾ ಹೊರಗ ಇರತೀನಿ."

ಸಾಲೇಹಾ ಹತ್ತಿದಳು. ಎಲ್ಲೆಲ್ಲೂ ಮಸಿ ಹಿಡಿದ ಬಲೆ ಜೋತುಬಿದ್ದಿತ್ತು. ಪಕ್ಕದ ಮನೆಯ ಗೋಡೆಯಲ್ಲಿ ಮಾತ್ರ, ತೊಲೆಯ ಮರೆಗೆ, ಒಂದು ಜಾಗ ಸ್ವಚ್ಛವಾಗಿತ್ತು. ಅಲ್ಲಿ ಒಂದು ಚಿರೆಕಲ್ಲು ತೆಗೆದು, ಅಂಚಿಗೆ ಸುಣ್ಣದ ಗಾರೆ ಮೆತ್ತಿ, ಒಂದು ಕಿಂಡಿ ಮಾಡಿದ್ದರು. ಆ ಕಡೆಯಿಂದ ಬೆಳಕು ಬರುತ್ತಿತ್ತು. ಅವಳು ಬಗ್ಗಿ ನೋಡಿದಳು. ಅಲ್ಲಾವುದ್ದೀನರ ಮಹಡಿಯ ಮೂಲೆ. ಕಿಂಡಿಗೆ ಹತ್ತಿಕೊಂಡಂತೆ ಒಂದು ಮಣೆ, ಮಣೆಯ ಪಕ್ಕ ಎಲೆಯಡಿಕೆ ಉಗುಳುವ ಒಂದು ಹಿತ್ತಾಳೆಯ ಪೀಕದಾನಿ. ಕಿಂಡಿಯ ಆ ಬದಿಯ ಅಂಚಿನಲ್ಲಿ ಹಣೆ ಒತ್ತಿ ಒತ್ತಿ ಎಣ್ಣೆಜಿಡ್ಡಿನ ಕಲೆ. ತಿರುಗಿ ಕೆಳಗೆ ನೋಡಿದರೆ ನೇರ ಅವಳ ಬಚ್ಚಲು. ಹಂಡೆ, ತಂಬಿಗೆ, ಹಗ್ಗದ ಮೇಲಿನ ಬಟ್ಟೆ, ಕುಳಿತು ಸ್ನಾನ ಮಾಡುವ ಕಲ್ಲು.

ಅವಳಿಗೆ ಆ ಕ್ಷಣ ಸಿಟ್ಟು ಬರಲಿಲ್ಲ. ಮೈಮೇಲೆ ಯಾರೋ ಉಗುಳಿದಂತೆ, ಆ ಉಗುಳು ಮದುವೆಯಾದಂದಿನಿಂದ ಒಣಗಿ ಪದರ ಪದರವಾಗಿ ಕುಳಿತಂತೆ ಅನ್ನಿಸಿತು. ಇಳಿದವಳೇ ಕೈ ತೊಳೆಯಲು ಬಚ್ಚಲಿಗೆ ಹೋಗಿ, ಒಳಗೆ ಕಾಲಿಡಲಾರದೆ ನಿಂತಳು. ಹಿತ್ತಿಲಲ್ಲಿ ಆಯಿಷಾ ನೀರು ಹಾಕಿದಳು. ಎಷ್ಟು ಉಜ್ಜಿದರೂ ಸಾಲೇಹಾ ಕೈ ನಿಲ್ಲಿಸಲಿಲ್ಲ.

ಮುನವ್ವರ ಮರುದಿನ ಬಂದ. ಹತ್ತಿ ನೋಡಿ ಇಳಿದವನ ಮುಖ ಕಪ್ಪಿಟ್ಟಿತ್ತು. ಕಡಿದು ಹಾಕುತ್ತೇನೆ ಎಂದ. ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದ. ಅಷ್ಟರಲ್ಲಿ ಅಲ್ಲಾವುದ್ದೀನರೇ ಎದುರಿಗೆ ಬಂದರು. ಗೌಂಡಿ ಹಿಂಬದಿಗೆ ಹತ್ತಿದ ಸುದ್ದಿ ಅವರಿಗೆ ಹೋಗಿತ್ತು.

ಅವರು ಕಿಂಡಿಯ ಮಾತು ಎತ್ತಲಿಲ್ಲ. ಎಲೆ ಮಡಿಸಿ ಬಾಯಿಗಿಟ್ಟುಕೊಂಡು, "ರಾತ್ರಿ ಯೋಚನೆ ಮಾಡಿದೆ ಮುನವ್ವರ್. ನೆರೆಯವರು ಹೀಗೆ ತಕರಾರು ಹೂಡಿ ಕೂತರೆ ಅಂದವಲ್ಲ. ನನ್ನದು ಹಿಂದೆ ತಗೊಳ್ತೇನೆ. ಗೋಡೆ ಎಷ್ಟು ಬೇಕೋ ಎತ್ತು. ಕಿಟಕಿ ಎಲ್ಲಿ ಬೇಕೋ ಇಡು. ಕಮಿಟಿಯವರು ಒಂದು ಸಲ ಬಂದು ನೋಡಿ ಹೋಗ್ತಾರೆ, ಅಷ್ಟೇ. ಬೇಟಿಗೂ ಹೇಳು" ಎಂದರು.

ಮುನವ್ವರ ಅವರನ್ನು ಹೊಸ್ತಿಲವರೆಗೆ ಕಳಿಸಿ ಬಂದ. ಕಡಿದು ಹಾಕುತ್ತೇನೆ ಎಂದವನ ಹೆಗಲು ಇಳಿದಿತ್ತು.

"ಪರವಾನಗಿ ಬಂದ ಹಾಗೇ ಆಯ್ತು" ಎಂದ. "ಕಿಂಡಿ ಮುಚ್ಚಿಸಿಬಿಡೋಣ."

"ಎಷ್ಟು ವರ್ಷದಿಂದ ಅಂತ ಕೇಳಲಿಲ್ಲ ನೀವು."

"ಕೇಳಿ ಏನು ಮಾಡಲಿ? ಹೊರಗೆ ಬಿದ್ದರೆ ಕೆಡೋದು ನಿನ್ನ ಹೆಸರೇ."

"ನೋಡಿದ್ದು ಅವನು. ಕೆಡೋ ಹೆಸರು ನನ್ನದು?"

ಆ ಓಣಿಯಲ್ಲಿ ಮುನವ್ವರ ಹೇಳಿದ್ದು ನಿಜವೇ ಆಗಿತ್ತು. ನಿಜವಾಗಿದ್ದರಿಂದಲೇ ಸಾಲೇಹಾಳಿಗೆ ಅವನ ಬಾಯಿಂದ ಅದನ್ನು ಕೇಳಲಾಗಲಿಲ್ಲ. ತನ್ನ ಮೈಯನ್ನು ಕದ್ದು ನೋಡಿದ್ದಕ್ಕೆ ಬೆಲೆಯಾಗಿ ಒಂದು ಕಿಟಕಿ ಸಿಕ್ಕಿತ್ತು. ತನ್ನ ಗಂಡ ಅದನ್ನು ಕೈಚಾಚಿ ತೆಗೆದುಕೊಂಡಿದ್ದ. ಆ ರಾತ್ರಿ ಅವನಿಗೆ ಬಡಿಸಿ, ಅವನ ಎಂಜಲು ತಟ್ಟೆಯನ್ನು ಮುಟ್ಟದೆ ಎದ್ದುಹೋದಳು. ಆಯಿಷಾ ತೊಳೆದಳು.

ಕಮಿಟಿಯವರು ಶುಕ್ರವಾರದ ನಮಾಜಿನ ನಂತರ ಬಂದರು. ಅಧ್ಯಕ್ಷರು ನಾಗಪತಿ ಹೆಗಡೆ, ತೋಟ ತುಡಿಕೆ ಇದ್ದು ಪೇಟೆಯಲ್ಲಿ ಮನೆ ಮಾಡಿದ್ದ ಹಿರಿಯರು. ಜೊತೆಗೆ ಒಬ್ಬ ಬೇಳೆ ಅಂಗಡಿಯ ಸಾಹುಕಾರ. ಮೂರನೆಯವರು ಅಲ್ಲಾವುದ್ದೀನ್. ಬಾಗಿಲಲ್ಲಿ ಮುನವ್ವರ ಕೈಮುಗಿದು ನಿಂತ. ಕೆರಿಯಪ್ಪ ಏಣಿ ಹಿಡಿದಿದ್ದ. ಸಾಲೇಹಾ ಬುರ್ಖಾ ಹಾಕಿಕೊಂಡು ಒಳಗಿನಿಂದ ಬಂದು ಏಣಿಯ ಬುಡದಲ್ಲೇ ನಿಂತಳು. ಅವಳು ಹೀಗೆ ಗಂಡಸರೆದುರು ನಿಲ್ಲುವುದನ್ನು ಮುನವ್ವರ ಕಂಡಿರಲಿಲ್ಲ. ಒಳಗೆ ಹೋಗೆಂದು ಕಣ್ಣಲ್ಲಿ ಹೇಳಿದ. ಅವಳು ಹೋಗಲಿಲ್ಲ.

"ಹೆಗಡೇರೆ, ಹೊಸ ಕಿಟಕಿ ಆಮೇಲೆ ನೋಡಿ" ಎಂದಳು. "ಈ ಮನೆಯಲ್ಲಿ ಪರವಾನಗಿ ಇಲ್ಲದ ಕಿಟಕಿ ಒಂದು ಇದೆ. ಅದನ್ನ ಮೊದಲು ನೋಡಿ."

"ಎಂತ ಕಿಟಕಿ ಅದು?"

"ಬಚ್ಚಲ ಮೇಲೆ. ಚಾಚಾ ಅವರ ಗೋಡೆಯಲ್ಲಿ."

ಹೆಗಡೆಯವರು ಹತ್ತಿದರು. ಬೇಗ ಇಳಿದರು. ಉತ್ತರೀಯದಿಂದ ಬಾಯಿ ಒರೆಸಿಕೊಂಡು ಗೋಡೆಗೊರಗಿ ನಿಂತರು. ಸಾಹುಕಾರ ಹತ್ತಿದ. ಅವನು ಇಳಿಯಲಿಲ್ಲ. ಕಿಂಡಿಯಲ್ಲಿ ಒಮ್ಮೆ ಇಣುಕಿ, ಆಮೇಲೆ ಕೆಳಗೆ ಬಚ್ಚಲನ್ನು ನೋಡುತ್ತ ಮೇಲೆಯೇ ಕುಳಿತಿದ್ದ.

"ಸ್ನಾನ ಮಾಡೋದು ಇಲ್ಲೇ ಏನು?" ಎಂದು ಕೇಳಿದ. ಕೇಳಿದ ಧಾಟಿಗೆ ಕೆರಿಯಪ್ಪ ಏಣಿಯನ್ನು ಒಮ್ಮೆ ಅಲುಗಿಸಿದ.

"ಇಳೀರಿ ಸಾಹುಕಾರ್ರ. ಏಣಿ ಹಳೇದೈತಿ."

ಅಲ್ಲಾವುದ್ದೀನ್ ಹತ್ತಲಿಲ್ಲ. "ಹಳೇ ಗೋಡೆ" ಎಂದರು. "ಕಲ್ಲು ಉದುರಿದೆ. ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ."

"ಕಲ್ಲು ಉದುರಿದ ಜಾಗದಲ್ಲಿ ಪೀಕದಾನಿ ಯಾಕೆ ಇಟ್ಟಿದ್ದೀರಿ ಚಾಚಾ?"

ಅಲ್ಲಾವುದ್ದೀನ್ ಬಾಯಲ್ಲಿದ್ದ ಎಲೆಯನ್ನು ನುಂಗಿದ್ದು ಕಂಡಿತು. ಹೆಗಡೆಯವರು ಆ ಕಲ್ಲನ್ನು ಇವತ್ತೇ ಕೂಡಿಸಬೇಕೆಂದೂ, ಗೋಡೆಗೂ ಹಲಗೆಗೂ ಕಿಟಕಿಗೂ ಪರವಾನಗಿ ಇದೆಯೆಂದೂ ಹೇಳಿದರು. ಅವಳ ಕಡೆ ನೋಡಲಿಲ್ಲ. ಹೋಗುವಾಗ ಹೊಸ್ತಿಲಲ್ಲಿ ಮುನವ್ವರನಿಗೆ, "ಇದನ್ನ ಇಲ್ಲಿಗೇ ಬಿಡುವಾ. ಎಲ್ರೂ ಒಂದೇ ಊರಲ್ಲಿ ಇರಬೇಕಲ್ಲಾ" ಎಂದರು. ಕಮಿಟಿಯಲ್ಲಿ ಹೆಗಡೆಯವರು ಕಿಂಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲವೆಂದು ಆಮೇಲೆ ತಿಳಿಯಿತು. ಒಳ್ಳೆಯವರೆಂದು ಹೆಸರಾದವರು ಅವರು. ಅವರ ಒಳ್ಳೆಯತನ ಅಲ್ಲಿಯವರೆಗೆ ಮಾತ್ರ.

ಮರುದಿನ ಹಿತ್ತಿಲ ಬಾಗಿಲಿಂದ ಅಲ್ಲಾವುದ್ದೀನರ ಹೆಂಡತಿ ರಹೀಮಾ ಬಂದಳು. ಐವತ್ತು ದಾಟಿದ ಹೆಂಗಸು. ಕೈಯಲ್ಲಿ ಒಂದು ಬಟ್ಟಲು ಖೀರು. ಸಾಲೇಹಾ ಬಟ್ಟಲನ್ನು ತೆಗೆದುಕೊಳ್ಳಲಿಲ್ಲ, ಕುಳಿತುಕೊಳ್ಳಲೂ ಹೇಳಲಿಲ್ಲ.

"ನಿಮಗೆ ಗೊತ್ತಿತ್ತಾ ಚಾಚಿ?"

"ಎರಡು ಸಲ ಬಟ್ಟೆ ತುರುಕಿದ್ದೆ" ಎಂದಳು ರಹೀಮಾ. "ತೆಗೆದು ಬಿಸಾಕಿದರು."

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ದರೆ ಅವರು ನನ್ನ ಹೊರಗೆ ಹಾಕ್ತಿದ್ದರು. ನನ್ನ ನೀನು ಎಲ್ಲಿ ಇಟ್ಟುಕೊಳ್ತಿದ್ದೆ?"

ತಂಗಿಯನ್ನು ಇಡಲೇ ಜಾಗವಿಲ್ಲದೆ ಸಾಲೇಹಾ ಅಟ್ಟ ಹತ್ತಿದ್ದಳು. ಆದರೂ ಆ ಹೆಂಗಸಿನ ಮೇಲೆ ಕನಿಕರ ಬರಲಿಲ್ಲ. ತಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದ ಒಂದೊಂದು ಬೆಳಿಗ್ಗೆಯೂ ಇವಳು ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದಳು, ಮೇಲೆ ಗಂಡ ಎಲ್ಲಿ ಕುಳಿತಿದ್ದಾನೆಂದು ಗೊತ್ತಿದ್ದೂ ತಟ್ಟುತ್ತಿದ್ದಳು. ರಹೀಮಾ ಖೀರನ್ನು ಹಿಡಿದುಕೊಂಡೇ ಮರಳಿದಳು.

ಖೋಲಿ ಮಳೆಗಾಲಕ್ಕೆ ಮುಂಚೆ ಎದ್ದಿತು. ಬಚ್ಚಲ ಮೇಲೆ ಸಾಲೇಹಾ ಎರಡು ಪದರ ಹಲಗೆ ಹೊಡೆಸಿದಳು. ನಡುವಿನ ಗೋಡೆಗೆ ಒಳಗಿನಿಂದ ಇನ್ನೊಂದು ಸಾಲು ಕಲ್ಲು ಕಟ್ಟಿಸಿದಳು. ಖೋಲಿ ಅಷ್ಟು ಸಣ್ಣದಾಯಿತೆಂದು ಮುನವ್ವರ ಗೊಣಗಿದ. ಹಿಂಬದಿಗೆ ಅಗಲವಾದ ಕಿಟಕಿ ಬಂತು. ಆಯಿಷಾ ಅದರ ಬುಡದಲ್ಲಿ ಮಿಶಿನ್ ಇಟ್ಟು ಓಣಿಯ ಹೆಂಗಸರ ಬಟ್ಟೆ ಹೊಲಿಯಲು ಕುಳಿತಳು.

ಅಲ್ಲಾವುದ್ದೀನರಿಗೆ ಏನೂ ಆಗಲಿಲ್ಲ. ಮಸೀದಿಯಲ್ಲಿ ಅದೇ ಮುಂದಿನ ಸಾಲು. ಮುಂದಿನ ಸಲವೂ ಕಮಿಟಿಯ ಮೆಂಬರಾದರು. ಹೂವಿನ ಮಾಲೆ ಹಾಕಿಕೊಂಡು ಓಣಿಯಲ್ಲಿ ಬಂದಾಗ ಮುನವ್ವರ ಬಾಗಿಲಲ್ಲಿ ನಿಂತು ಸಲಾಮು ಮಾಡಿದ. ಮಾಡದಿದ್ದರೆ ಜನ ಯಾಕೆಂದು ಕೇಳುತ್ತಾರೆ ಎಂದು ಹೆಂಡತಿಗೆ ಹೇಳಿದ. ಅವಳು ಅವನ ಆ ಕೈಯನ್ನು ನೋಡಿದಳು.

ಆದರೆ ಸಾಲೇಹಾ ಮುಚ್ಚಿಡಲಿಲ್ಲ. ಬಟ್ಟೆ ಹೊಲಿಸಲು ಬಂದ ಹೆಂಗಸು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ, ದನಿ ಏರಿಸದೆ ಹೇಳುತ್ತಿದ್ದಳು. ಕೆಲವರು ಬಾಯಿ ಮುಚ್ಚಿಕೊಂಡರು. ಕೆಲವರು ಅವಳದೇ ತಪ್ಪು ಹುಡುಕಿದರು. ಮನೆಗೆ ಹೋದ ಮೇಲೆ ಮಾತ್ರ ಎಲ್ಲರೂ ತಮ್ಮ ತಮ್ಮ ಬಚ್ಚಲಲ್ಲಿ ನಿಂತು ತಲೆಯೆತ್ತಿ ನೋಡಿದರು. ಆ ವರ್ಷ ಕೆರಿಯಪ್ಪನಿಗೆ ಆ ಓಣಿಯಲ್ಲಿ ಪುರಸೊತ್ತಿಲ್ಲದಷ್ಟು, ಬಿರುಕು ಕಿಂಡಿ ಮುಚ್ಚುವ ಗಿಲಾವಿನ ಕೆಲಸ ಸಿಕ್ಕಿತು. ಯಾಕೆಂದು ಯಾವ ಗಂಡಸೂ ಕೇಳಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ಮುನವ್ವರ ಮೋಟಾರು ನಿಲ್ಲಿಸಿ ಬಂದು, ಮೇಲೆ ಗಾಳಿ ಬೆಳಕು ಚೆನ್ನಾಗಿದೆ, ಇನ್ನು ನಾವಿಬ್ಬರೂ ಅಲ್ಲೇ ಮಲಗೋಣ, ಆಯಿಷಾ ಕೆಳಗೆ ಬರಲಿ ಎಂದ.

"ಖೋಲಿ ಹೆಂಗಸರದು" ಎಂದಳು ಸಾಲೇಹಾ. "ನಿಮಗೆ ಪಡಸಾಲೆಯೇ ಸರಿ."

ಶಿರಸಿಯಲ್ಲಿ ಉಳಿಯುವ ರಾತ್ರಿಗಳಲ್ಲಿ ಅವನು ಅಲ್ಲಿಂದ ಮುಂದೆ ಪಡಸಾಲೆಯಲ್ಲಿ ಒಬ್ಬನೇ ಮಲಗಿದ.