ಬಣ್ಣ ಕಾಯುತ್ತಿದ್ದ ವಸಂತ

ವಸಂತ ಮೀನು ಮುಟ್ಟಿದ ಕೈಯನ್ನು ಲುಂಗಿಗೆ ಒರೆಸಿಕೊಂಡು ಊಟಕ್ಕೆ ಕೂರುವವನು. ಕಾರು ಮುಟ್ಟುವ ಮೊದಲು ಮಾತ್ರ ಸೋಪು ಹಚ್ಚಿ ಮೊಣಕೈತನಕ ತೊಳೆಯುತ್ತಿದ್ದ. ಉಗುರು ತಾಗಿ ಗೀರು ಬಿದ್ದೀತೆಂದು ನಮ್ಮ ಜಗಲಿಯ ಮೇಲೆ ಕೂತು ಉಗುರು ಕತ್ತರಿಸುತ್ತಿದ್ದ. ಆ ಚೂರುಗಳನ್ನು ಗುಡಿಸುವವಳು ನಾನು. ಮಕ್ಕಳೇ, ನಿಮ್ಮ ಅಜ್ಜನ ತಮ್ಮ ಹೇಗಿದ್ದ ಎಂದು ಕೇಳುತ್ತೀರಲ್ಲ, ಹೀಗಿದ್ದ.

ಹಡಗಿನ ಕೆಲಸ ಬಿಟ್ಟು ಬಂದವನು ಕಾರವಾರದಲ್ಲಿ ಮನೆ ಮಾಡಿದ. ಗೋವೆಯ ಯಾರಿಂದಲೋ ಎರಡೇ ಸೀಟಿನ ಕೆಂಪು ರೇಸ್ ಕಾರು ಕೊಂಡ. ವರ್ಷಕ್ಕೊಮ್ಮೆ ತಮಿಳುನಾಡಿನ ಕಡೆ ರೇಸಿನ ಮೈದಾನಕ್ಕೆ ಒಯ್ದು ಸುತ್ತು ಹೊಡೆಯುತ್ತಿದ್ದ. ಅಲ್ಲಿ ಮುಂದಿನ ಕಾರಿನ ಚಕ್ರದಿಂದ ಕಲ್ಲು, ಬಿಸಿ ರಬ್ಬರಿನ ಚೂರು ಹಾರಿ ಬಂದು ಬಣ್ಣ ಕಿತ್ತುಹೋಗುತ್ತದಂತೆ. ಅವನ ಮನೆಗೆ ಕಡಲ ಉಪ್ಪುಗಾಳಿ ಬಡಿಯುತ್ತದೆಂದು, ಹೊರಡುವ ಮೊದಲಿನ ತಯಾರಿಯೆಲ್ಲ ಕಡಲಿನಿಂದ ತುಸು ಒಳಗಿರುವ ಭಾವಿಕೇರಿಯ ನಮ್ಮ ಅಂಗಳದಲ್ಲಿ.

"ಸುತ್ತಿ ಸುತ್ತಿ ಹೊರಟಲ್ಲಿಗೇ ಬರೂದಾದ್ರೆ ಹೋಗೂದು ಎಂತಕೆ?" ಎಂದು ಅಜ್ಜ ನಗುತ್ತಿದ್ದರು.

"ನಿಂಗೆ ತಿಳಿಯೂದಿಲ್ಲ ಅಣ್ಣಾ. ಬಣ್ಣ ಅಂದ್ರೆ ಚರ್ಮ ಇದ್ದಂಗೆ. ಒಂದ್ಸಲ ಗಾಯ ಆದ್ರೆ ಕಲೆ ಹೋಗೂದಿಲ್ಲ."

ಮೊದಲ ವರ್ಷ ಅವನು ಕಾರಿಗೆ ತಾರ್ಲೆ ಮೀನಿನ ಎಣ್ಣೆ ಬಳಿದ! ದೋಣಿಗೆ ಬಳಿಯುತ್ತೇವಲ್ಲ, ಅದೇ. ಉಪ್ಪುನೀರಿನಿಂದ ಮರ ಉಳಿಯುವುದಾದರೆ ಕಲ್ಲಿನಿಂದ ಬಣ್ಣ ಉಳಿಯದೇ ಎಂಬುದು ಅವನ ಲೆಕ್ಕ. ಊರಿನ ಬೆಕ್ಕುಗಳೆಲ್ಲ ಅಂಗಳಕ್ಕೆ ಬಂದವು. ರೇಸಿನಲ್ಲಿ ಯಾರೂ ಅವನ ಹತ್ತಿರ ನಿಲ್ಲಲಿಲ್ಲವಂತೆ. ತಿರುಗಿ ಬಂದಾಗ ಬಿಸಿಲಿಗೆ ಬೆಂದ ಎಣ್ಣೆಗೆ ಧೂಳು, ರಬ್ಬರು, ಸತ್ತ ನೊಣ ಎಲ್ಲ ಅಂಟಿ ಕೀವಿನಂತಾಗಿತ್ತು. "ಇನ್ನು ಕಡಲಿಗೇ ಇಳಿಸು ಮಾರಾಯ" ಎಂದರು ಅಜ್ಜ. ಅದನ್ನು ತೊಳೆಯಲು ನೀರು ಕಾಯಿಸಿ ಕಾಯಿಸಿ ಕೊಟ್ಟು, ಆ ನಾತಕ್ಕೆ ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಮರುವರ್ಷ ದುಬೈಯ ಗೆಳೆಯ ತಂದುಕೊಟ್ಟ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಕಾರಿನ ಮೂತಿಗೆಲ್ಲ ಅಂಟಿಸಿದ. ತಿಕ್ಕಿ ಕೂರಿಸಲು ಮೆತ್ತನೆ ಬಟ್ಟೆ ಬೇಕಿತ್ತು. ನಿಮ್ಮಲ್ಲಿ ದೊಡ್ಡವಳು ಹುಟ್ಟುವವಳಿದ್ದಳು. ಅವಳನ್ನು ಸುತ್ತಲೆಂದು ಹಳೆ ಸೀರೆ ಹರಿದು, ಕುದಿಸಿ, ಒಣಗಿಸಿ ಇಟ್ಟಿದ್ದ ಬಟ್ಟೆಗಳನ್ನು ಕೇಳದೆ ಎತ್ತಿಕೊಂಡ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಮೈದುನನಿಗೆ ಎದುರು ನಿಂತು ಮಾತಾಡಿದವಳಲ್ಲ ನಾನು.

ಅದೇ ಬೆಳಿಗ್ಗೆ ಬಲೆ ಎಳೆಯುವಾಗ ಅಜ್ಜನ ಪಾದಕ್ಕೆ ತೊರಕೆ ಮೀನಿನ ಬಾಲದ ವಿಷಮುಳ್ಳು ಹೊಕ್ಕಿತು. ಬಲೆಯವರು ಅವರನ್ನು ಹೊತ್ತು ತಂದರು. ಕಾಲು ಊದಿ ಕುಂಬಳಕಾಯಿಯಾಗಿತ್ತು. ಎಂದೂ ಕೂಗದ ಮನುಷ್ಯ "ಆಯೀ, ಆಯೀ" ಎಂದು ಅರಚುತ್ತಿದ್ದರು.

"ವಸಂತಾ, ಚಾವಿ ತಕ್ಕೊ! ಅಂಕೋಲೆ ಆಸ್ಪತ್ರೆಗೆ ಬಿಡು" ಎಂದರು ಬಲೆಯವರು.

ವಸಂತ ಕಾರಿನ ಮುಂದೆ ಕೈ ಅಗಲಿಸಿ ನಿಂತ. "ಅಂಟು ಒಣಗೂಕೆ ನಾಳೆತನಕ ಬೇಕು. ಈಗ ರಸ್ತೆಗೆ ಇಳಿಸಿದ್ರೆ ಧೂಳು ಒಳಗೆ ಹೊಕ್ಕಿ ಗುಳ್ಳೆ ಏಳ್ತದೆ. ರಿಕ್ಷಾ ಬತ್ತದೆ, ತಡೀರಿ."

"ಥೂ! ಒಡಹುಟ್ಟಿದವನೇನೋ ನೀನು?" ಎಂದು ಬಲೆಯವರಲ್ಲೊಬ್ಬ ಉಗಿದ.

ರಿಕ್ಷಾ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಮೀನಿನ ಟೆಂಪೊ ಸಿಕ್ಕಿತು. ಐಸಿನ ಪೆಟ್ಟಿಗೆಗಳ ನಡುವೆ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಆಸ್ಪತ್ರೆಯಲ್ಲಿದ್ದಾಗಲೇ ಆ ಕಾಲಿನ ಎರಡು ಬೆರಳು ಕಪ್ಪಾದವು, ತೆಗೆದರು. ಬೇಗ ಬಂದಿದ್ದರೆ ಉಳಿಯುತ್ತಿದ್ದವೋ ಏನೋ ಎಂದರು ಡಾಕ್ಟರು. ಅಜ್ಜ ಮತ್ತೆ ದೋಣಿಯಲ್ಲಿ ನೆಟ್ಟಗೆ ನಿಲ್ಲಲಿಲ್ಲ.

ರೇಸು ಮುಗಿಸಿದ ವಸಂತ ಅಂಗಳಕ್ಕೆ ಬಂದು, "ಅತ್ತಿಗೇ, ಒಂದು ಗೀರು ಬೀಳ್ಲಿಲ್ಲ ನೋಡು!" ಎಂದು ಕೂಗಿದ. ಕಾಲಿನ ವಿಚಾರ ಕೇಳಲಿಲ್ಲ. ಅಜ್ಜ ನನ್ನ ಹೆಗಲು ಹಿಡಿದು ಹೊರಗೆ ಬಂದರು. ತಮ್ಮನ ಸಂತೋಷಕ್ಕೆಂದು ಬಗ್ಗಿ ನೋಡಿದರು, ತೂಕ ತಪ್ಪಿ ಕಾರಿಗೆ ಕೈ ಊರಿದರು.

"ಅಣ್ಣಾ, ಕೈ ತೆಗಿ! ಬೆವರು ತಾಗ್ತದೆ."

ಅಜ್ಜನ ಕೈಯನ್ನು ಕಾರಿನಿಂದ ಎತ್ತಿ ನನ್ನ ಹೆಗಲ ಮೇಲೆ ಇಟ್ಟುಕೊಂಡೆ. ಸೆರಗು ಸರಿಮಾಡಿಕೊಂಡು ಮೊದಲ ಸಲ ಅವನ ಮುಖ ನೋಡಿ ಹೇಳಿದೆ: "ವಸಂತಾ, ಹೋಗು."

ಹೋದ. ಕೆಲವು ವರ್ಷಗಳ ಮೇಲೆ ಕಾರವಾರದಲ್ಲಿ ಎದೆನೋವಿನಿಂದ ತೀರಿಕೊಂಡ. ನಾನು ಹೋಗಲಿಲ್ಲ, ಅವನ ಮೇಲಿನ ಹೇಸಿಗೆ ಇಂದಿಗೂ ನನ್ನಿಂದ ಇಳಿದಿಲ್ಲ. ಅಜ್ಜ ಬಸ್ಸು ಹತ್ತಿ ಹೋದರು. ಬೇಡವೆಂದರೂ ಕೇಳದೆ ಮುಂದೆ ನಿಂತು ಹೆಗಲು ಕೊಟ್ಟರಂತೆ. ಅವರು ಕುಂಟಿದಂತೆಲ್ಲ ಚಟ್ಟ ಒಂದೇ ಬದಿಗೆ ವಾಲುತ್ತಿತ್ತಂತೆ.