ಎರಡನೆಯ ಗುಂಡು

ಗಾಳಿಬೀಡಿನ ಕಡೆ ಮನೆಯ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹೇಳುವುದು ಕೋವಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಗದ್ದೆಯಲ್ಲಿ ಬಗ್ಗಿದವರೂ ಸೊಂಟ ನೆಟ್ಟಗೆ ಮಾಡಿ ಎಣಿಸುತ್ತಾರೆ. ಒಂದಾದರೆ ನಗುತ್ತಾರೆ, ಎರಡಾದರೆ ಕೆಲಸ ಬಿಟ್ಟು ಹೊರಡುತ್ತಾರೆ. ಬೊಳ್ಳವ್ವನ ಒಬ್ಬನೇ ಮಗ ಕುಟ್ಟಪ್ಪ ಬರ್ಮಾದ ಯುದ್ಧಕ್ಕೆ ಹೋದವನು ಬರಲೇ ಇಲ್ಲ. ಆದರೂ ಆ ಮನೆಯ ಕೋವಿ ಸುಮ್ಮನಿತ್ತು. ಸರ್ಕಾರದ ಕಾಗದದಲ್ಲಿ ‘ಕಾಣೆಯಾಗಿದ್ದಾನೆ’ ಎಂದಷ್ಟೇ ಇತ್ತು. ತಿಥಿ ಮಾಡಿ ಮುಗಿಸು ಎಂದು ನೆಂಟರು ಒತ್ತಾಯಿಸಿದಾಗಲೆಲ್ಲ, ಸತ್ತದ್ದನ್ನು ಕಂಡವರು ಬಂದು ಹೇಳಲಿ, ಆಮೇಲೆ ನೋಡೋಣ ಎಂದು ಬೊಳ್ಳವ್ವ ಬಾಯಿ ಮುಚ್ಚಿಸುತ್ತಿದ್ದಳು.

ಕಂಡವನು ಪಕ್ಕದ ಮನೆಯಲ್ಲೇ ಇದ್ದ.

ನಾಣಯ್ಯ ಮತ್ತು ಕುಟ್ಟಪ್ಪ ಒಂದೇ ದಿನ ಮಡಿಕೇರಿಗೆ ನಡೆದು ಹೋಗಿ ಪಟಾಲಮಿಗೆ ಸೇರಿದವರು. ಬರ್ಮಾದ ಒಂದು ಹೊಳೆಯಲ್ಲಿ, ಶತ್ರುಗಳ ಗುಂಡಿನ ನಡುವೆ, ಮೂವರು ಗಾಯಾಳುಗಳನ್ನು ಒಬ್ಬೊಬ್ಬರಾಗಿ ಬೆನ್ನ ಮೇಲೆ ಹೊತ್ತು ಈಚೆ ದಡಕ್ಕೆ ತಂದದ್ದಕ್ಕೆ ನಾಣಯ್ಯನಿಗೆ ಪದಕ ಬಂತು. ಮಡಿಕೇರಿಯಲ್ಲಿ ಬ್ಯಾಂಡು ಬಾರಿಸಿದರು, ದೊರೆ ಕೈಯಾರೆ ಅದನ್ನು ಎದೆಗೆ ಚುಚ್ಚಿದ. ಊರವರ ಬಾಯಲ್ಲಿ ಆ ಮೂವರು ಪುತ್ತರಿ ಹಬ್ಬದ ಹೊತ್ತಿಗೆ ಹದಿಮೂರು ಜನವಾಗಿದ್ದರು. ನಾಲ್ಕನೆಯವನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಆಚೆ ದಡದ ಬಿದಿರುಮೆಳೆಯಲ್ಲಿ ಕುಟ್ಟಪ್ಪ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಮೂರನೆಯವನಿಗೆ ಪ್ರಜ್ಞೆಯಿಲ್ಲ, ಮೊದಲು ಅವನನ್ನು ಹೊತ್ತುಕೋ ಎಂದು ಕುಟ್ಟಪ್ಪನೇ ಹೇಳಿದ್ದ. ಈಗ ಬಂದೆ ಎಂದು ಹೋದ ನಾಣಯ್ಯನಿಗೆ ನಾಲ್ಕನೆಯ ಸಲ ಕಾಲೇ ಏಳಲಿಲ್ಲ. ಈಚೆ ದಡದಲ್ಲೇ ನಿಂತುಬಿಟ್ಟ. ನೋಡುತ್ತಿದ್ದಂತೆ ಶೆಲ್ಲು ಆ ಮೆಳೆಯ ಮೇಲೆ ಬಿತ್ತು.

ಊರಿಗೆ ಬಂದ ದಿನ ಬೊಳ್ಳವ್ವ ಕೇಳಿದಾಗ, ತಾನು ಕಾಣಲಿಲ್ಲ ಎಂದುಬಿಟ್ಟ. ಆ ಸುಳ್ಳನ್ನೇ ನಂಬಿಕೊಂಡು ಅವಳು ದಿನಾ ಊಟಕ್ಕೆ ಒಂದು ತಟ್ಟೆ ಹೆಚ್ಚು ಇಡುತ್ತಿದ್ದಳು. ಪದಕ ಪೆಟ್ಟಿಗೆಯ ತಳ ಸೇರಿತು.

ಒಂದು ಬೆಳಿಗ್ಗೆ ಅವಳು ಗಂಟು ಕಟ್ಟಿಕೊಂಡು ಅವನ ಅಂಗಳಕ್ಕೆ ಬಂದಳು. ಮದ್ರಾಸಿನ ಮಿಲಿಟರಿ ಆಸ್ಪತ್ರೆಯಲ್ಲಿ ಹೆಸರು ಮರೆತ ಸಿಪಾಯಿಗಳಿದ್ದಾರಂತೆ, ತಾನೇ ಹೋಗಿ ನೋಡುತ್ತೇನೆ, ವಿಳಾಸ ಬರೆದುಕೊಡು ಎಂದಳು. ಮಡಿಕೇರಿ ದಾಟಿ ಗೊತ್ತಿಲ್ಲದ ಹೆಂಗಸು! ಗಂಟಿನಲ್ಲಿ ಮಗನ ಅಂಗಿಯೂ ಅವನಿಗೆಂದು ಸುಟ್ಟ ಅಕ್ಕಿರೊಟ್ಟಿಯೂ ಇದ್ದವು. ರೊಟ್ಟಿ ಇನ್ನೂ ಬೆಚ್ಚಗಿತ್ತು. ನಾಣಯ್ಯ ಗಂಟನ್ನು ಅವಳ ಕೈಯಿಂದ ತೆಗೆದು ಜಗಲಿಯ ಮೇಲಿಟ್ಟ.

“ಹೋಗ್ಬೇಡಿ ಅವ್ವ. ನಾನು ಕಂಡಿದ್ದೆ. ಅವ ನನಗೆ ಕಾಯ್ತಿದ್ದ. ನಾನು ಹೋಗ್ಲಿಲ್ಲ.”

ಉಳಿದದ್ದನ್ನೆಲ್ಲ ತಲೆ ತಗ್ಗಿಸಿ ಹೇಳಿದ. ಬೊಳ್ಳವ್ವ ನಿಂತಲ್ಲೇ ಕೇಳಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಗೆ ಹೋಗಿ ಕೋವಿಯನ್ನೂ ಎರಡು ತೋಟಾಗಳನ್ನೂ ತಂದು ಅವನ ಕೈಗಿಟ್ಟಳು. ಆ ಮನೆಯಲ್ಲಿ ಹೊಡೆಯಲು ಬೇರೆ ಗಂಡಸು ಇರಲಿಲ್ಲ.

ಅವಳ ಅಂಗಳದಲ್ಲಿ ನಿಂತು ನಾಣಯ್ಯ ಆಕಾಶಕ್ಕೆ ಮೊದಲನೆಯದನ್ನು ಹೊಡೆದ. ಎರಡನೆಯ ತೋಟಾವನ್ನೂ ತುಂಬಿಸಿದ. ಆದರೆ ಬೆರಳು ಮಡಿಸಲಾಗಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಕೆಳಗಿನ ಮನೆಯ ಕಮಲ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದಳು. ಹಿಂದಿನ ವರ್ಷವಷ್ಟೇ ಮದುವೆಯಾಗಿ ಬಂದ ಹುಡುಗಿ. ಕೈಯಲ್ಲಿ ಬೆಲ್ಲದ ಅಚ್ಚು, ಮುಖದ ತುಂಬ ನಗು. ಒಂದೇ ಗುಂಡು ಕೇಳಿತಲ್ಲ, ಯಾರ ಮನೆಯಲ್ಲಿ ಗಂಡು ಮಗು ಎಂದು ಕೇಳಿದಳು.

ನಾಣಯ್ಯ ಕಣ್ಣು ಮುಚ್ಚಿಕೊಂಡ.

“ನಮ್ಮನೇಲೆ ಹುಟ್ಟಿದ್ದು, ಕಮಲ. ಇಪ್ಪತ್ತಾರು ವರ್ಷ ಆಯ್ತು,” ಎಂದಳು ಬೊಳ್ಳವ್ವ. ಆಮೇಲೆ ಅವನ ಕಡೆ ತಿರುಗಿದಳು. “ಈ ಸಲ ನಿಂತ್ಕೋಬೇಡ, ಮಗ. ಇನ್ನೊಂದು ಹೊಡಿ.”

ನಾಣಯ್ಯ ಹೊಡೆದ. ಕೆಳಗಿನ ಗದ್ದೆಗಳಲ್ಲಿ ಜನ ಕೆಲಸ ಬಿಟ್ಟು ಹೊರಟರು.